ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(ಕ್ಲೈನ್‌ಬರ್ಗ್‌ನಲ್ಲಿ ಸೇರಿದ್ದ ನಮ್ಮ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಕನ್ನಡ ಅಧ್ಯಾಪಕನಾಗಿದ್ದವನನ್ನು ವೇದಿಕೆಗೆ ಕರೆದರೆ ಆತ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ಭಾವಿಸುವುದು ಸಹಜ. ನಾನು ಫುಟ್‌ಬಾಲಿನ ವಿಷಯ ಹೇಳುತ್ತೇನೆಂದಾಗ ನಿಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಮೌನವಾದರು. ಆಮೇಲೆ ಸೌಜನ್ಯದಿಂದ ಒಪ್ಪಿದರು. ಅವರಿಗೆ ನಾನು ಕೊಟ್ಟ ಸಮಾಧಾನ ಇಷ್ಟು. ಈ ಊರಿಗೆ ಏಳೆಂಬ ಸಂಖ್ಯೆ ಹೊಸತಲ್ಲ. ಹಂಬರ್ ನದಿಯ ಕಣಿವೆಯ ಅಂಚಿನಲ್ಲಿರುವ ಇಲ್ಲಿನ ಮೆಕ್‌ಮೈಕೆಲ್ ಕಲಾಸಂಗ್ರಹಾಲಯ ಪ್ರಸಿದ್ಧವಾಗಿರುವುದೇ, 1920ರಲ್ಲಿ ಒಟ್ಟಾಗಿ ತಮ್ಮ ಮೊದಲ ಪ್ರದರ್ಶನ ಏರ್ಪಡಿಸಿದ 'ಗ್ರೂಪ್ ಆಫ್ ಸೆವೆನ್' ಎಂಬ ಏಳು ಚಿತ್ರಕಾರರಿಂದ. ನಾನು ಹೇಳಲಿರುವುದೂ ಏಳು ಮಂದಿಯ ವಿಷಯವೇ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ಏಳೇಳು ಜನರ ತಂಡಗಳಾಗಿ ಆಡುವ ಒಂದು ಫುಟ್‌ಬಾಲ್ ಇದೆ. ಆ ಆಟದಲ್ಲಿ ಕೆನಡಾ ದೇಶಕ್ಕೆ ಒಂದು ರಾಷ್ಟ್ರೀಯ ತಂಡವಿದೆ. ಇಲ್ಲಿ ನೆರೆದಿರುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿತ್ತೆಂದು ಕೈಯೆತ್ತಿಸಿ ಯಾರನ್ನೂ ಮುಜುಗರಕ್ಕೆ ಒಳಪಡಿಸುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನಿನ ಆಸುಪಾಸಿನಲ್ಲಿ. ಅಲ್ಲಿನ ಗಲ್ಲಿಗಳಲ್ಲಿ, ಪಕ್ಕದ ಮರ್ಫಿ ಟೌನಿನಲ್ಲಿ, ಗೌತಮಪುರದಲ್ಲಿ ಕ್ರಿಕೆಟ್ಟಿಗಿಂತ ಕಾಲ್ಚೆಂಡಿಗೆ ಮರ್ಯಾದೆ ಹೆಚ್ಚು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತಕ್ಕಾಗಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ಸೀಮೆಯವರೆಂಬ ಹೆಮ್ಮೆಯನ್ನು ನಮ್ಮ ಹಿರಿಯರು ತಂದೆಯಿಂದ ಮಗನಿಗೆ ದಾಟಿಸುತ್ತಿದ್ದರು. ಆ ಪಂದ್ಯದಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದ್ದರು. ಬೂಟು ಇದ್ದವರ ಎದುರು ಬೂಟು ಇಲ್ಲದವರು ಆಡಿದ ಕಥೆಯನ್ನು ಕೇಳುತ್ತಾ ಬೆಳೆದವನಿಗೆ, ಒಂದು ಕಾಲು ಮಾತು ಕೇಳದಿದ್ದರೂ ಆಡುವವರ ಕಥೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಆಟದ ಕ್ರಮವನ್ನು ಹೇಳಿಬಿಡುತ್ತೇನೆ. ಮೈದಾನ ಸುಮಾರು 70 ಮೀಟರ್ ಉದ್ದ, 50 ಮೀಟರ್ ಅಗಲ. ಗೋಲಿನ ಚೌಕಟ್ಟು 5 ಮೀಟರ್ ಅಗಲ, 2 ಮೀಟರ್ ಎತ್ತರ. ಮೂವತ್ತು ಮೂವತ್ತು ನಿಮಿಷಗಳ ಎರಡು ಅವಧಿಗಳು. ಆಫ್‌ಸೈಡ್ ಎಂಬ ತಕರಾರು ಇಲ್ಲ. ಟೆಲಿವಿಷನ್ ಮುಂದೆ ಕುಳಿತು ಆ ನಿಯಮವನ್ನು ಮನೆಯವರಿಗೆ ವಿವರಿಸಿ ಸೋತ ಗಂಡಸರು ಇಲ್ಲಿ ಹಲವರಿರಬಹುದು, ಅವರಿಗೆ ಈ ಆಟ ಹಿತವೆನಿಸೀತು. ಚೆಂಡು ಗೆರೆ ದಾಟಿದಾಗ ಎರಡು ಕೈಗಳಿಂದ ತಲೆಯ ಮೇಲಿನಿಂದ ಎಸೆಯಬೇಕೆಂಬ ಕಟ್ಟುಪಾಡಿಲ್ಲ. ಒಂದೇ ಕೈಯಿಂದ ನೆಲದ ಮೇಲೆ ಉರುಳಿಸಿದರೂ ಸಾಕು. ಒಂದು ಕೈ ಮೇಲೇಳದವನಿಗೂ ಚೆಂಡನ್ನು ಆಟಕ್ಕೆ ತರುವ ಹಕ್ಕು ಇರಲೆಂಬುದು ಇದರ ಉದ್ದೇಶ. ಉಳಿದಂತೆ ಇದು ನಾವು ಬಲ್ಲ ಫುಟ್‌ಬಾಲೇ. ಬೀಳುತ್ತಾರೆ, ಏಳುತ್ತಾರೆ, ರೆಫರಿಯೊಡನೆ ವಾದಿಸುತ್ತಾರೆ, ಹಳದಿ ಕಾರ್ಡು ಪಡೆಯುತ್ತಾರೆ. ಕನಿಕರಕ್ಕೆ ಅಲ್ಲಿ ಪುರುಸೊತ್ತಿಲ್ಲ.

ಆಟಗಾರರನ್ನು ಅವರ ದೇಹದ ಮೇಲೆ ಮೆದುಳಿನ ಹಾನಿ ಬೀರಿದ ಪರಿಣಾಮಕ್ಕೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸುತ್ತಾರೆ. ಮೊದಲು ನಾಲ್ಕು ವರ್ಗಗಳಿದ್ದವು, 2018ರಿಂದ ಮೂರು. ಎಫ್‌ಟಿ-1 ಎಂಬುದು ಚಲನೆಗೆ ಹೆಚ್ಚು ತೊಡಕಿರುವವರ ವರ್ಗ, ಎಫ್‌ಟಿ-2 ಮಧ್ಯಮದ್ದು, ಎಫ್‌ಟಿ-3 ಅತಿ ಕಡಿಮೆ ತೊಡಕಿರುವವರದು. ಇಲ್ಲಿಂದ ಮುಂದೆ ಬರುವ ನಿಯಮವನ್ನು ದಯಮಾಡಿ ಗಮನವಿಟ್ಟು ಕೇಳಬೇಕು. ನಾನು ಇಂದು ಬಂದಿರುವುದೇ ಅದಕ್ಕಾಗಿ. ಅಂಗಳದಲ್ಲಿರುವ ಏಳು ಮಂದಿಯಲ್ಲಿ ಎಫ್‌ಟಿ-3ರವರು ಒಂದು ಹೊತ್ತಿಗೆ ಒಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಎಫ್‌ಟಿ-1ರವರು ಪಂದ್ಯದ ಎಲ್ಲ ಹೊತ್ತಿನಲ್ಲೂ ಕನಿಷ್ಠ ಒಬ್ಬರಾದರೂ ಇರಲೇಬೇಕು. ಹಳೆಯ ನಾಲ್ಕು ವರ್ಗಗಳ ಕಾಲದಲ್ಲೂ ಇದೇ ಬಗೆಯ ಕಟ್ಟಳೆ ಇತ್ತು: ಹೆಚ್ಚು ತೊಡಕಿರುವ ಆಟಗಾರನನ್ನು ಇಳಿಸಲಾಗದ ತಂಡ ಆರು ಮಂದಿಯೊಡನೆ ಆಡಬೇಕಾಗಿತ್ತು.

ನಮ್ಮ ಬಾಲ್ಯದ ಆಟಗಳನ್ನು ನೆನಪಿಸಿಕೊಳ್ಳಿ. ಕುಂಟೆಬಿಲ್ಲೆ, ಲಗೋರಿ, ಚಿನ್ನಿದಾಂಡು ಯಾವುದೇ ಇರಲಿ, ತೀರ ಚಿಕ್ಕವನನ್ನೋ, ಓಡಲಾರದವನನ್ನೋ ಅಳಿಸಬಾರದೆಂದು ದೊಡ್ಡವರು ಹೇಳಿದಾಗ ನಾವು ಒಂದು ಉಪಾಯ ಮಾಡುತ್ತಿದ್ದೆವು. ಅವನನ್ನು ಸೇರಿಸಿಕೊಳ್ಳುತ್ತಿದ್ದೆವು, ಆದರೆ 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಅವನು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಕರುಣೆಯುಳ್ಳ ವ್ಯವಸ್ಥೆ ಎಂದು ನಾವು ತಿಳಿದಿದ್ದೆವು. ಆದರೆ ಲೆಕ್ಕಕ್ಕಿಲ್ಲದವನಿಗೆ ತಾನು ಲೆಕ್ಕಕ್ಕಿಲ್ಲವೆಂಬುದು ಐದನೆಯ ವಯಸ್ಸಿಗೇ ಗೊತ್ತಾಗಿರುತ್ತದೆ. ಆ ಮಾತು ನಮ್ಮ ಭಾಷೆಯಲ್ಲಿ ಗಾದೆಯಂತೆ ನೆಲೆಸಿಬಿಟ್ಟಿದೆ. ಕಚೇರಿಯಲ್ಲಿ, ರಾಜಕೀಯದಲ್ಲಿ, ಬೀಗರ ಮನೆಯಲ್ಲಿ ನಾವು ಅದನ್ನು ಬಳಸುತ್ತೇವೆ. ಸೆರೆಬ್ರಲ್ ಪಾಲ್ಸಿ ಫುಟ್‌ಬಾಲಿನ ನಿಯಮಗಳನ್ನು ರೂಪಿಸಿದವರಿಗೆ ಕನ್ನಡ ತಿಳಿದಿರಲಾರದು. ಆದರೂ ಅವರು ಆ ಗಾದೆಗೆ ಉತ್ತರ ಬರೆದಂತಿದೆ. ಅಲ್ಲಿ ಅತ್ಯಂತ ನಿಧಾನವಾಗಿ ಓಡುವವನನ್ನು ಸೇರಿಸಿಕೊಳ್ಳುವುದು ದಯೆಯಿಂದ ಅಲ್ಲ. ಅವನಿಲ್ಲದೆ ತಂಡಕ್ಕೇ ತೂತು. ಆದ್ದರಿಂದ ತರಬೇತುದಾರ ಅವನನ್ನು ಹುಡುಕಿಕೊಂಡು ಹೋಗುತ್ತಾನೆ, ಅವನಿಗೆ ಕಲಿಸಲು ಸಮಯ ಕೊಡುತ್ತಾನೆ. ಹೆಚ್ಚು ಓಡಬೇಕಿಲ್ಲವೆಂಬ ಕಾರಣಕ್ಕೆ ಹಲವು ತಂಡಗಳಲ್ಲಿ ಅಂಥವನೇ ಗೋಲ್‌ಕೀಪರ್. ಕೊನೆಯ ಕಾವಲು ಅವನದು.

ಈಗ ಆ ಸ್ಥಿತಿಯ ಬಗ್ಗೆ ಎರಡು ಮಾತು. ನಮ್ಮಲ್ಲಿ ಮಗುವಿನ ಕಾಲು ಸರಿಯಿಲ್ಲವೆಂದರೆ 'ಪೋಲಿಯೋ ಹೊಡೆದಿದೆ' ಎಂದು ಹೇಳಿ ಮುಗಿಸುವ ರೂಢಿಯಿತ್ತು. ಪೋಲಿಯೋ ಬೇರೆ, ಇದು ಬೇರೆ. ಮಗು ಗರ್ಭದಲ್ಲಿರುವಾಗಲೋ, ಹುಟ್ಟುವಾಗಲೋ, ಹುಟ್ಟಿದ ಮೊದಲ ಕೆಲವು ತಿಂಗಳು ವರ್ಷಗಳಲ್ಲೋ ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟಿನಿಂದ ಚಲನೆಯ ಹಿಡಿತ ಕೆಡುವುದು ಸೆರೆಬ್ರಲ್ ಪಾಲ್ಸಿ. ಕೆಲವರಲ್ಲಿ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಕೆಲವರಲ್ಲಿ ಕೈಕಾಲುಗಳು ಹೇಳಿದ ಮಾತು ಕೇಳದೆ ತಾವಾಗಿ ಚಲಿಸುತ್ತವೆ, ಕೆಲವರಿಗೆ ಸಮತೋಲ ಸಿಗುವುದಿಲ್ಲ. ಮೆದುಳಿಗಾದ ಪೆಟ್ಟು ವರ್ಷ ಕಳೆದಂತೆ ಹೆಚ್ಚುವುದಿಲ್ಲ. ಬುದ್ಧಿಶಕ್ತಿ ಕುಂದಿರಲೇಬೇಕೆಂದೂ ಇಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಅದು ಎಲ್ಲರಂತೆಯೇ ಇರುತ್ತದೆ. ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ ಸುಮಾರು ಇಬ್ಬರಿಗೆ ಇದು ಇರುತ್ತದೆಂದು ಲೆಕ್ಕ. ಈ ಮಹಾನಗರದ ಸುತ್ತಮುತ್ತ ಇರುವ ಕನ್ನಡ ಮನೆಗಳ ಸಂಖ್ಯೆಯನ್ನು ನೀವೇ ಅಂದಾಜು ಮಾಡಿ. ನಮ್ಮ ಸಭೆ ಸಮಾರಂಭಗಳಲ್ಲಿ ಅಂಥ ಎಷ್ಟು ಮಕ್ಕಳನ್ನು ನೋಡಿದ್ದೀರೆಂದು ಯೋಚಿಸಿ.

ಆ ಹೆಸರಿಗೂ ಈ ಪ್ರದೇಶಕ್ಕೂ ನಂಟಿದೆಯೆಂಬುದು ನನಗೆ ಇಲ್ಲಿಗೆ ಬಂದ ಮೇಲೆ ತಿಳಿದ ಸಂಗತಿ. ಈ ಊರಿನ ಪಕ್ಕದಲ್ಲೇ ಹಾದುಹೋಗುವ 27ನೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಬಾಂಡ್ ಹೆಡ್ ಎಂಬ ಪುಟ್ಟ ಊರು ಸಿಗುತ್ತದೆ. ವಿಲಿಯಂ ಆಸ್ಲರ್ 1849ರಲ್ಲಿ ಹುಟ್ಟಿದ್ದು ಅಲ್ಲಿ. ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಎಟೋಬಿಕೋದಲ್ಲಿ ಅವರ ಹೆಸರು ಹೊತ್ತ ಸಂಸ್ಥೆಯ ಆಸ್ಪತ್ರೆಯಿದೆ. ಬ್ರಾಂಪ್ಟನ್ನಿನಲ್ಲೂ ಅದೇ ಸಂಸ್ಥೆ. ನಿಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳು ಹುಟ್ಟಿದ್ದು ಆ ಆಸ್ಪತ್ರೆಗಳಲ್ಲೇ ಇರಬಹುದು. ಆ ಆಸ್ಲರ್ 1889ರಲ್ಲಿ ಮಕ್ಕಳ ಸೆರೆಬ್ರಲ್ ಪಾಲ್ಸಿಗಳನ್ನೇ ಕುರಿತು ಒಂದು ಗ್ರಂಥ ಬರೆದರು. ಈ ಹೆಸರು ವೈದ್ಯಲೋಕದಲ್ಲಿ ನೆಲೆಯೂರಲು ಅದೂ ಮುಖ್ಯ ಕಾರಣ. ಅದಕ್ಕಿಂತ ಮುಂಚೆ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ಇದನ್ನು ವಿವರಿಸಿ, ಕಷ್ಟದ ಹೆರಿಗೆಯೇ ಕಾರಣವೆಂದು ಹೇಳಿದ್ದರು. ಮನಶ್ಶಾಸ್ತ್ರಕ್ಕೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಆ ಕಡೆಗೆ ಹೊರಳುವ ಮೊದಲು ನರರೋಗ ತಜ್ಞರಾಗಿದ್ದರು. 1897ರ ತಮ್ಮ ಗ್ರಂಥದಲ್ಲಿ ಅವರು ಲಿಟಲ್ ಅವರ ಮಾತನ್ನು ಸಂಶಯಿಸಿದರು: ಕಷ್ಟದ ಹೆರಿಗೆ ಕಾರಣವಾಗಿರದೆ, ಗರ್ಭದಲ್ಲೇ ಮೊದಲೇ ಆಗಿದ್ದ ತೊಂದರೆಯ ಲಕ್ಷಣವೂ ಆಗಿರಬಹುದಲ್ಲವೆ ಎಂದರು. ಬಹುಕಾಲ ಯಾರೂ ಕಿವಿಗೊಡಲಿಲ್ಲ. 1980ರ ದಶಕದಲ್ಲಿ ದೊಡ್ಡ ಪ್ರಮಾಣದ ಅಧ್ಯಯನಗಳು ನಡೆದಾಗ, ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆ ಕಡಿಮೆ ಪ್ರಕರಣಗಳಿಗೆ ಮಾತ್ರ ಕಾರಣವೆಂದು ಕಂಡುಬಂತು.

ಈ ವೈದ್ಯಕೀಯ ಇತಿಹಾಸವನ್ನು ಇಲ್ಲಿ ಏಕೆ ಎತ್ತಿದೆನೆಂದರೆ, ನಮ್ಮ ಮನೆಗಳಲ್ಲಿ ಇದರ ತೀರ್ಪು ಇನ್ನೂ ತಾಯಿಯ ಮೇಲೆಯೇ ಬೀಳುತ್ತದೆ. ಗ್ರಹಣದ ದಿನ ಹೊರಗೆ ಬಂದಳು, ಪರಂಗಿಹಣ್ಣು ತಿಂದಳು, ಏಳನೆಯ ತಿಂಗಳಲ್ಲಿ ವಿಮಾನ ಹತ್ತಿದಳು. ಏನೂ ಸಿಗದಿದ್ದರೆ ಪೂರ್ವಜನ್ಮದ ಕರ್ಮ. ಭಾರತದಿಂದ ಪ್ರತಿ ಭಾನುವಾರ ದೂರವಾಣಿಯಲ್ಲಿ ಒಂದೇ ಪ್ರಶ್ನೆ, "ಈಗ ನಡೀತಾನಾ?" ಮಗು ನಗುತ್ತದೆಯೆ, ಕಥೆ ಕೇಳುತ್ತದೆಯೆ, ಯಾರೊಡನೆ ಜಗಳವಾಡುತ್ತದೆ ಎಂದು ಕೇಳುವವರು ಅಪರೂಪ. ಹರಕೆ ಹೊರುವವರನ್ನು ನಾನು ಹಾಸ್ಯ ಮಾಡಲಾರೆ. ಧರ್ಮಸ್ಥಳಕ್ಕೋ ಕುಕ್ಕೆಗೋ ಹೋಗಿಬಂದರೆ ತಾಯಿಗೆ ನೆಮ್ಮದಿಯಾಗುವುದಾದರೆ ಹೋಗಿಬರಲಿ. ಆದರೆ ತಪ್ಪಿತಸ್ಥಳಂತೆ ಹೋಗಬೇಕಾಗಿಲ್ಲ. ಅಷ್ಟನ್ನು ವಿಜ್ಞಾನ ಹೇಳಿದೆ, ಇಲ್ಲಿರುವ ಅಜ್ಜಿಯರು ದಯವಿಟ್ಟು ಕೇಳಿಸಿಕೊಳ್ಳಬೇಕು.

ಇಲ್ಲಿಂದ ಒಂದು ಗಂಟೆಯ ದಾರಿಯಾಚೆ ಹ್ಯಾಮಿಲ್ಟನ್‌ನಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯವಿದೆ. ಅಲ್ಲಿಯ ಕ್ಯಾನ್‌ಚೈಲ್ಡ್ ಎಂಬ ಸಂಶೋಧನಾ ಕೇಂದ್ರದವರು 1997ರಲ್ಲಿ ಈ ಮಕ್ಕಳ ಚಲನಶಕ್ತಿಯನ್ನು ಐದು ಹಂತಗಳಾಗಿ ಗುರುತಿಸುವ ಕ್ರಮವನ್ನು ಪ್ರಕಟಿಸಿದರು. ಇಂದು ಬೆಂಗಳೂರಿನ ಫಿಸಿಯೋಥೆರಪಿಸ್ಟರೂ ಬಳಸುವುದು ಅದನ್ನೇ. ಮೊದಲ ಹಂತದವರು ನಡೆಯಬಲ್ಲರು, ಓಡಬಲ್ಲರು, ವೇಗ ಮತ್ತು ಸಮತೋಲದಲ್ಲಿ ಮಾತ್ರ ಹಿಂದೆ ಬೀಳುತ್ತಾರೆ. ಐದನೆಯ ಹಂತದವರಿಗೆ ಎಲ್ಲ ಚಲನೆಗೂ ಇತರರ ನೆರವು ಬೇಕು. ನಾನು ಹೇಳುತ್ತಿರುವ ಫುಟ್‌ಬಾಲ್ ನಡೆಯಬಲ್ಲವರದು, ಅದರಲ್ಲೂ ಹೆಚ್ಚಾಗಿ ಮೊದಲ ಹಂತದವರದು. ಎಲ್ಲ ಮಕ್ಕಳೂ ಇದನ್ನು ಆಡಬಲ್ಲರೆಂದು ಹೇಳಿದರೆ ಅದು ಸುಳ್ಳು ಭರವಸೆಯಾದೀತು. ವಾಕರ್ ಹಿಡಿದು ನಡೆಯುವವರಿಗೆ ಫ್ರೇಮ್ ಫುಟ್‌ಬಾಲ್ ಎಂಬ ಬೇರೆ ಆಟ, ವಿದ್ಯುತ್ ಗಾಲಿಕುರ್ಚಿಯವರಿಗೆ ಪವರ್‌ಚೇರ್ ಫುಟ್‌ಬಾಲ್ ಎಂಬ ಮತ್ತೊಂದು ಆಟ ಇವೆ.

ಅದೇ ಕ್ಯಾನ್‌ಚೈಲ್ಡ್‌ನ ಪೀಟರ್ ರೋಸನ್‌ಬಾಮ್ ಮತ್ತು ಯಾನ್ ವಿಲೆಮ್ ಗೋರ್ಟರ್ ಎಂಬ ವೈದ್ಯರು 2012ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಇಂಥ ಮಗುವಿನ ವಿಷಯದಲ್ಲಿ ಯೋಚಿಸಬೇಕಾದ ಆರು ಮಾತುಗಳನ್ನು ಪಟ್ಟಿ ಮಾಡಿದರು. ಇಂಗ್ಲಿಷಿನಲ್ಲಿ ಆರೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಕನ್ನಡದಲ್ಲಿ ಆ ಪ್ರಾಸ ಸಿಗದು. ಕಾರ್ಯಸಾಮರ್ಥ್ಯ, ಕುಟುಂಬ, ದೇಹದಾರ್ಢ್ಯ, ಮೋಜು, ಗೆಳೆಯರು, ಭವಿಷ್ಯ. ನಮ್ಮವರು ಮೊದಲನೆಯದನ್ನೂ ಕೊನೆಯದನ್ನೂ ಹಿಡಿದುಕೊಂಡು ನಡುವಿನ ಮೋಜನ್ನು ಕೈಬಿಡುತ್ತಾರೆಂಬುದು ನನ್ನ ಅಭಿಪ್ರಾಯ. ಸೋಮವಾರ ಫಿಸಿಯೋಥೆರಪಿ, ಮಂಗಳವಾರ ಸ್ಪೀಚ್ ಥೆರಪಿ, ಬುಧವಾರ ಕುಮಾನ್ ಗಣಿತ. ಆಟ ಮಾತ್ರ 'ಗುಣವಾದ ಮೇಲೆ'. ಗುಣವಾಗುವ ಕಾಯಿಲೆ ಇದಲ್ಲ. ಆದುದರಿಂದ ಆ ದಿನ ಬರುವುದೂ ಇಲ್ಲ. ಕಷ್ಟದ ವ್ಯಾಯಾಮ ಮಾಡಿಸಿದರೆ ಸ್ನಾಯುಗಳ ಬಿಗಿತ ಇನ್ನೂ ಹೆಚ್ಚುತ್ತದೆಂಬ ಭಯ ಒಂದು ಕಾಲಕ್ಕೆ ಚಿಕಿತ್ಸಕರಲ್ಲೇ ಇತ್ತು. 1990ರ ದಶಕದಿಂದೀಚಿನ ಸಂಶೋಧನೆಗಳು ಆ ಭಯವನ್ನು ನಿವಾರಿಸಿವೆ.

ಇನ್ನು ಈ ಆಟದ ಚರಿತ್ರೆ. 1978ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಸೆರೆಬ್ರಲ್ ಪಾಲ್ಸಿ ಕ್ರೀಡಾಕೂಟದಲ್ಲಿ ಇದು ಕಾಣಿಸಿಕೊಂಡಿತು. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆಯಿತು. 1988, 1992, 1996ರಲ್ಲಿ ನೆದರ್ಲೆಂಡ್ಸ್ ಚಿನ್ನ ಗೆದ್ದಿತು. ಆಮೇಲೆ ಪೂರ್ವ ಯೂರೋಪಿನ ಕಾಲ: 2000 ಮತ್ತು 2012ರಲ್ಲಿ ರಷ್ಯಾ, 2004, 2008, 2016ರಲ್ಲಿ ಉಕ್ರೇನ್. ಇರಾನ್ 2012ರಲ್ಲಿ ಕಂಚು, 2016ರಲ್ಲಿ ಬೆಳ್ಳಿ ಗಳಿಸಿತು. ಉಕ್ರೇನ್ ಸಿರಿವಂತ ದೇಶವಲ್ಲ. ಆದರೆ ಅಲ್ಲಿ ಇನ್ವಾಸ್ಪೋರ್ಟ್ ಎಂಬ ಸರ್ಕಾರಿ ವ್ಯವಸ್ಥೆ ದೇಶದ ಪ್ರಾಂತಗಳಲ್ಲೆಲ್ಲ ಅಂಗವಿಕಲರ ಕ್ರೀಡೆಗೆ ಕೇಂದ್ರಗಳನ್ನು ತೆರೆದಿತ್ತು. ಹಳ್ಳಿಯ ಮೂಲೆಯ ಮಗುವನ್ನೂ ಹುಡುಕಿ ತರುವವರಿದ್ದರು. ಹಣವಿರುವ ನಾಡುಗಳು ಅದರ ಮುಂದೆ ಸೋತದ್ದಕ್ಕೆ ಇದಕ್ಕಿಂತ ಗುಟ್ಟಾದ ಕಾರಣ ಬೇಕಿಲ್ಲ.

2015ನೆಯ ಇಸವಿಯನ್ನು ಈ ಆಟದವರು ಮರೆಯಲಾರರು. ಆ ವರ್ಷದ ಜನವರಿಯಲ್ಲಿ ಈ ಆಟಕ್ಕೆಂದೇ ಪ್ರತ್ಯೇಕವಾದ ಅಂತರರಾಷ್ಟ್ರೀಯ ಒಕ್ಕೂಟ ಕಾರ್ಯಾರಂಭ ಮಾಡಿತು. ಅದೇ ತಿಂಗಳು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ 2020ರ ಟೋಕಿಯೋ ಕ್ರೀಡಾಕೂಟದಿಂದ ಈ ಆಟವನ್ನು ಕೈಬಿಡುವುದಾಗಿ ಪ್ರಕಟಿಸಿತು. ಕೊಟ್ಟ ಕಾರಣ, ಆಟ ಜಗತ್ತಿನಲ್ಲಿ ಸಾಕಷ್ಟು ವಿಸ್ತಾರವಾಗಿ ಹರಡಿಲ್ಲವೆಂಬುದು. ಟೋಕಿಯೋದಲ್ಲಿಲ್ಲ, 2024ರ ಪ್ಯಾರಿಸ್‌ನಲ್ಲೂ ಇರಲಿಲ್ಲ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಹೊಸದಾಗಿ ಸೇರಿದ್ದು ಗೋಡೆ ಹತ್ತುವ ಸ್ಪರ್ಧೆ, ಇದಲ್ಲ. ಆಟವೇ ಆಟಕ್ಕುಂಟು ಲೆಕ್ಕಕ್ಕಿಲ್ಲವಾಯಿತು.

ಆ ವರ್ಷದ ಆಗಸ್ಟಿನಲ್ಲಿ ಟೊರಾಂಟೋದಲ್ಲಿ ಪ್ಯಾರಾಪ್ಯಾನ್ ಅಮೆರಿಕನ್ ಕ್ರೀಡಾಕೂಟ ನಡೆಯಿತು. ನಿಮ್ಮಲ್ಲಿ ಕೆಲವರು ಆಗ ಸ್ವಯಂಸೇವಕರಾಗಿ ದುಡಿದಿರಬಹುದು. ಸೇಂಟ್ ಜಾರ್ಜ್ ಆವರಣದಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಹಿಂಬದಿಯ ಮೈದಾನಗಳಲ್ಲಿ ಕೆನಡಾದ ಸೆರೆಬ್ರಲ್ ಪಾಲ್ಸಿ ತಂಡ ಕೆಂಪು ಅಂಗಿ ತೊಟ್ಟು ತನ್ನ ಜನರ ಎದುರು ಆಡಿತು. ಚಿನ್ನ ಬ್ರೆಜಿಲ್‌ಗೆ ಹೋಯಿತು, ಕೆನಡಾಕ್ಕೆ ಪದಕ ಬರಲಿಲ್ಲ. ಪ್ಯಾರಾಲಿಂಪಿಕ್ಸ್‌ನ ಬಾಗಿಲು ಮುಚ್ಚುತ್ತಿದೆಯೆಂದು ಆ ಹುಡುಗರಿಗೆ ಆರು ತಿಂಗಳ ಹಿಂದೆಯೇ ತಿಳಿದಿತ್ತು. ಆದರೂ ಆಡಿದರು, ಆ ತಂಡ ಅಲ್ಲಿಗೆ ಮುಗಿಯಲೂ ಇಲ್ಲ.

ಈ ತಂಡದ ವಿಷಯದಲ್ಲಿ ನನಗೆ ಮೆಚ್ಚಿಕೆಯಾದ ಅಂಶವೆಂದರೆ, ಅದನ್ನು ನಡೆಸುವುದು ಯಾವುದೋ ದತ್ತಿಸಂಸ್ಥೆಯಲ್ಲ. ದೇಶದ ಎಲ್ಲ ರಾಷ್ಟ್ರೀಯ ತಂಡಗಳನ್ನು ನಡೆಸುವ ಕೆನಡಾ ಸಾಕರ್ ಸಂಸ್ಥೆಯೇ. ಕೆನಡಾದ ಪರವಾಗಿ ಆಡಿದ್ದ ಡ್ರೂ ಫರ್ಗುಸನ್ ಬಹುಕಾಲ ಇದರ ತರಬೇತುದಾರರಾಗಿದ್ದರು. ಒಟಾವಾದ ಸ್ಯಾಮುಯೆಲ್ ಶಾರೋನ್ ಎಂಬ ಆಟಗಾರ ಹಲವು ಬಾರಿ ದೇಶದ ವರ್ಷದ ಪ್ಯಾರಾ ಫುಟ್‌ಬಾಲ್ ಆಟಗಾರನೆಂಬ ಗೌರವ ಪಡೆದು ತಂಡದ ನಾಯಕನೂ ಆದರು. ಹೆಣ್ಣುಮಕ್ಕಳ ಆಟವೂ ಹಿಂದುಳಿದಿಲ್ಲ. 2022ರಲ್ಲಿ ಸ್ಪೇನಿನ ಸಲೋವಿನಲ್ಲಿ ಅವರ ಮೊದಲ ವಿಶ್ವಕಪ್ ನಡೆದು ಅಮೆರಿಕ ಸಂಯುಕ್ತ ಸಂಸ್ಥಾನ ಗೆದ್ದಿತು. ಸೆರೆಬ್ರಲ್ ಪಾಲ್ಸಿಯವರಲ್ಲದೆ ಪಾರ್ಶ್ವವಾಯುವಿನಿಂದ ಅಥವಾ ಅಪಘಾತದಲ್ಲಿ ಮೆದುಳಿಗೆ ಪೆಟ್ಟುಬಿದ್ದು ಇದೇ ಬಗೆಯ ತೊಡಕು ಉಂಟಾದವರೂ ಈ ಆಟಕ್ಕೆ ಅರ್ಹರು.

ಇಂಥ ತಂಡದ ತರಬೇತುದಾರನ ನಿಜವಾದ ಕಷ್ಟ ಆಟಗಾರರನ್ನು ಹುಡುಕುವುದು. ಗಾಲಿಕುರ್ಚಿಯಲ್ಲಿರುವವರು ಕಣ್ಣಿಗೆ ಬೀಳುತ್ತಾರೆ. ದೇಹದ ಒಂದು ಪಾರ್ಶ್ವ ಮಾತ್ರ ಸ್ವಲ್ಪ ಬಿಗಿಯಾಗಿರುವ ಹುಡುಗ ಬೀಳುವುದಿಲ್ಲ. ಅವನು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾನೆ, ಛಾಯಾಚಿತ್ರ ತೆಗೆಯುವಾಗ ಅಣ್ಣನ ಹಿಂದೆ ನಿಲ್ಲುತ್ತಾನೆ, ಶಾಲೆಯಲ್ಲಿ ಓಡಲು ಕರೆದರೆ ಹೊಟ್ಟೆನೋವು ಎನ್ನುತ್ತಾನೆ. ಅಂಗವಿಕಲರ ಸಾಲಿನಲ್ಲಿ ನಿಲ್ಲಲು ಅವನಿಗೆ ಸಂಕೋಚ, ಉಳಿದವರ ತಂಡದಲ್ಲಿ ಅವನಿಗೆ ಜಾಗವಿಲ್ಲ. ತಂದೆತಾಯಿಗಳೂ 'ಅಷ್ಟೇನೂ ಗೊತ್ತಾಗುವುದಿಲ್ಲ' ಎಂದು ಸಮಾಧಾನಪಟ್ಟುಕೊಂಡಿರುತ್ತಾರೆ. ಈ ಆಟಕ್ಕೆ ಬೇಕಾದವನು ಆ ಹುಡುಗನೇ. ತನ್ನಂತೆಯೇ ಓಡುವ ಇನ್ನೊಬ್ಬನನ್ನು ಅವನು ಮೊದಲ ಬಾರಿಗೆ ಕಾಣುವುದು ಇಂಥ ಶಿಬಿರದಲ್ಲಿಯೇ ಆಗಿರಬಹುದು. ಇಡೀ ಜಗತ್ತಿನಲ್ಲಿ ಸಾಕಷ್ಟು ದೇಶಗಳು ಆಡುತ್ತಿಲ್ಲವೆಂದು ಸಮಿತಿಯವರು ತೀರ್ಮಾನಿಸಿದರಲ್ಲವೆ, ಆ ಎಣಿಕೆ ಆರಂಭವಾಗುವುದು ಇಂಥ ಮನೆಗಳಲ್ಲಿ. ಮಗ ಹೊರಗೆ ಬರದಿದ್ದರೆ ತಂಡವಿಲ್ಲ, ತಂಡಗಳಿಲ್ಲದಿದ್ದರೆ ದೇಶವಿಲ್ಲ, ದೇಶಗಳು ಕಡಿಮೆಯಾದರೆ ಆಟಕ್ಕೆ ಪ್ಯಾರಾಲಿಂಪಿಕ್ಸ್ ಇಲ್ಲ.

ನಮ್ಮ ನಾಡಿನಲ್ಲಿ ಕೆಲಸವೇ ಆಗಿಲ್ಲವೆಂದು ಹೇಳುವುದು ಅನ್ಯಾಯ. ಮಿಥು ಆಲೂರ್ ಅವರು ಸೆರೆಬ್ರಲ್ ಪಾಲ್ಸಿಯಿದ್ದ ತಮ್ಮ ಮಗಳಿಗೆ ತಕ್ಕ ಶಾಲೆ ಸಿಗದೆ 1972ರಲ್ಲಿ ಮುಂಬಯಿಯಲ್ಲಿ ತಾವೇ ಒಂದು ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಆರಂಭವಾಯಿತು. ಇಂದಿರಾನಗರದಲ್ಲಿ ವಾಸವಿದ್ದವರು ಆ ಕಟ್ಟಡದ ಮುಂದೆ ಓಡಾಡಿರುತ್ತೀರಿ. 'ಸ್ಪಾಸ್ಟಿಕ್' ಎಂಬ ಮಾತು ಇಂಗ್ಲೆಂಡಿನ ಶಾಲಾಮಕ್ಕಳ ಬಾಯಲ್ಲಿ ಬೈಗುಳವಾಗಿ ಹೋದದ್ದರಿಂದ ಅಲ್ಲಿನ ಸಂಸ್ಥೆ 1994ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಬೆಂಗಳೂರಿನಲ್ಲಿ ಆ ಹೆಸರಿಗೆ ಗೌರವವೇ ಉಳಿದಿದೆ. 2016ರಲ್ಲಿ ಭಾರತದ ಹೊಸ ಕಾಯಿದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಇದೂ ಒಂದು. ಹೆಸರುಗಳ ವಿಷಯದಲ್ಲಿ ನಾವು ಉದಾರಿಗಳು. ಅಂಗವಿಕಲ ಹೋಗಿ ವಿಕಲಚೇತನ, ಅದು ಹೋಗಿ ವಿಶೇಷಚೇತನ. ಬಸ್ಸಿನ ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಇಡೀ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಹಾರ ಹಾಕುವುದರಲ್ಲಿ ನಾವು ಹಿಂದೆ ಬೀಳಲಿಲ್ಲ. ಒಬ್ಬರೇ ಜಿಗಿಯುವ ಪದಕಕ್ಕೆ ಒಬ್ಬ ಧೀರ ಸಾಕು. ಏಳು ಮಂದಿಯ ತಂಡಕ್ಕೆ ಏಳು ಮನೆಗಳು ಬೇಕು, ಬದಲಿ ಆಟಗಾರರ ಮನೆಗಳು ಬೇರೆ.

ವಲಸೆ ಬಂದವರ ನಡುವೆ ಮಾತನಾಡುವಾಗ ಇನ್ನೊಂದು ಲೆಕ್ಕವನ್ನು ಹೇಳದೆ ಬಿಡಲಾಗದು. ಕುಟುಂಬದ ಒಬ್ಬ ಸದಸ್ಯನಿಂದ ಆರೋಗ್ಯ ಮತ್ತು ಸಾಮಾಜಿಕ ಸೇವೆಗಳ ಮೇಲೆ ಅತಿಯಾದ ಹೊರೆ ಬೀಳುವುದೆಂದು ಕಂಡರೆ ಇಡೀ ಕುಟುಂಬದ ವಲಸೆ ಅರ್ಜಿಯನ್ನು ನಿರಾಕರಿಸಲು ಕೆನಡಾದ ಕಾನೂನಿನಲ್ಲಿ ಅವಕಾಶವಿದೆ. ಅಂಗವೈಕಲ್ಯವಿದ್ದ ಮಕ್ಕಳ ಕಾರಣದಿಂದ ಹಲವು ಕುಟುಂಬಗಳು ಇದಕ್ಕೆ ಸಿಕ್ಕಿದವು. 2005ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಪ್ರತಿ ಕುಟುಂಬದ ನಿಜವಾದ ಪರಿಸ್ಥಿತಿಯನ್ನು ನೋಡಿಯೇ ನಿರ್ಧರಿಸಬೇಕೆಂದು ತೀರ್ಪಿತ್ತಿತು. 2018ರ ಜೂನ್‌ನಲ್ಲಿ ಸರ್ಕಾರ ವೆಚ್ಚದ ಮಿತಿಯನ್ನು ಮೂರು ಪಟ್ಟು ಏರಿಸಿ, ವಿಶೇಷ ಶಿಕ್ಷಣವನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಅಲ್ಲಿಯವರೆಗೆ ಎಷ್ಟು ಮನೆಗಳಲ್ಲಿ ಮಗುವಿನ ವಿಷಯ ಹೊರಗೆ ಬಾಯಿಬಿಡಬಾರದೆಂಬ ಭಯ ಮನೆಮಾಡಿತ್ತೋ, ಎಷ್ಟು ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿಯೇ ಉಳಿದರೋ, ಬಲ್ಲವರು ಬಲ್ಲರು. ಪೌರತ್ವ ಬಂದ ಮೇಲೂ ಕೆಲವು ಮನೆಗಳಲ್ಲಿ ಆ ಅಭ್ಯಾಸ ಉಳಿದುಬಿಟ್ಟಿದೆ. ಕೂಟದ ದೀಪಾವಳಿಗೆ ತಂದೆ ಒಬ್ಬರೇ ಬರುತ್ತಾರೆ. ತಾಯಿ 'ಸ್ವಲ್ಪ ಹುಷಾರಿಲ್ಲ'.

ಕೊನೆಯದಾಗಿ, ನಿಮ್ಮ ಅಧ್ಯಕ್ಷರೊಡನೆ ಆಗಲೇ ಮಾತನಾಡಿರುವ ಒಂದು ವಿಚಾರ. 2026ರ ವಿಶ್ವಕಪ್‌ನ ಆರು ಪಂದ್ಯಗಳು ಟೊರಾಂಟೋದ ಪಾಲಿಗೆ ಬಂದುದರಿಂದ ನಿಮ್ಮ ಮಕ್ಕಳ ಬಾಯಲ್ಲಿ ಫುಟ್‌ಬಾಲಿನ ಮಾತು ಹೆಚ್ಚಿದೆ. ಬೇಸಿಗೆಯ ವನಭೋಜನದಲ್ಲಿ ಪ್ರತಿವರ್ಷ ಗಂಡಸರು ಚೆಂಡಾಡಿ, ಮಂಡಿ ನೋಯಿಸಿಕೊಂಡು, ಬಿಸಿಬೇಳೆಬಾತಿಗೆ ಹಿಂದಿರುಗುವ ಸಂಪ್ರದಾಯವಿದೆಯೆಂದು ಕೇಳಿದ್ದೇನೆ. ಈ ಬಾರಿ ಏಳೇಳು ಮಂದಿಯ ತಂಡಗಳಾಗಲಿ. ಆಫ್‌ಸೈಡ್ ಬೇಡ. ಅಂಗಳ ಚಿಕ್ಕದಿರಲಿ. ಓಡಲು ಕಷ್ಟವಿರುವ ಒಬ್ಬರು ಪ್ರತಿ ತಂಡದಲ್ಲೂ ಪಂದ್ಯದ ಎಲ್ಲ ಹೊತ್ತು ಅಂಗಳದಲ್ಲಿರಬೇಕು. ಮಗುವಾಗಬಹುದು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ಹಿರಿಯರಾಗಬಹುದು, ಗೋಲಿನ ಮುಂದೆ ವಾಕರ್ ಹಿಡಿದು ನಿಂತರೂ ಆಗಬಹುದು. ಅಂಥವರು ಸಿಗದ ತಂಡ ಆರು ಮಂದಿಯೊಡನೆ ಆಡತಕ್ಕದ್ದು, ವಿನಾಯಿತಿ ಇಲ್ಲ. ಆಡಬಯಸುವವರ ಹೆಸರುಗಳನ್ನು ಕಾರ್ಯದರ್ಶಿಗಳು ಬರೆದುಕೊಳ್ಳುತ್ತಾರೆ. ಸಭೆಯ ಎದುರಿಗೆ ಹೇಳಲು ಸಂಕೋಚವಿರುವವರು ದೂರವಾಣಿಯಲ್ಲಿ ತಿಳಿಸಬಹುದು. ಮಗುವಿಗೆ ಏನು ತೊಂದರೆಯೆಂದು ವಿವರಿಸಬೇಕಾಗಿಲ್ಲ, ಆಡುತ್ತಾನೆ ಅಥವಾ ಆಡುತ್ತಾಳೆ ಎಂದರೆ ಸಾಕು.

ರೆಫರಿಯ ಕೆಲಸಕ್ಕೆ ನಾನಿದ್ದೇನೆ, ಸೀಟಿಯನ್ನೂ ನಾನೇ ತರುತ್ತೇನೆ.